ಒಂದು ಗೋಡೆ ಹುಡುಕಿ, ಆಮೇಲೆ ಕ್ಯಾಮೆರಾದವರನ್ನು ಕರೆಯಿರಿ

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಸ್ಟಾರ್ಟ್‌ಅಪ್ ಇದೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ನೋಡಿ ದರ್ಜೆ ಹೇಳುವ ಯಂತ್ರ ಮಾಡುತ್ತೇವೆ. ಒಟ್ಟು 22 ಜನ, ಅದರಲ್ಲಿ ನಾಲ್ವರು ಬೇರೆ ಊರಿನಿಂದ ಕೆಲಸ ಮಾಡುತ್ತಾರೆ. ಹೊಸ ವೆಬ್‌ಸೈಟ್ ಬರುತ್ತಿದೆ, ಹೂಡಿಕೆದಾರರಿಗೂ ತೋರಿಸಬೇಕು ಅಂತ ಟೀಮ್ ಫೋಟೋ ಮತ್ತು ವಿಡಿಯೊ ಮಾಡಿಸುವ ಕೆಲಸ ನನ್ನ ತಲೆಗೆ ಬಂದಿದೆ. ನಾನು ಲೆಕ್ಕಪತ್ರ ನೋಡುವವಳು, ಇದರಲ್ಲಿ ಏನೂ ಗೊತ್ತಿಲ್ಲ. ಬಜೆಟ್ 60 ಸಾವಿರ. ನಮ್ಮ ಸಾಹೇಬರಿಗೆ ಡ್ರೋನ್ ಬೇಕು. ಕೆಲವರು ಎಐನಲ್ಲೇ ಫೋಟೋ ಮಾಡಿಬಿಡೋಣ ಅಂತಾರೆ. ಇಬ್ಬರು ಹುಡುಗಿಯರು ಫೋಟೋನೇ ಬೇಡ ಅಂತಾರೆ. ಆಫೀಸು ಗುಡಿಸಿ ಚಹಾ ಮಾಡುವ ಅಕ್ಕ ಟೀಮ್ ಫೋಟೋದಲ್ಲಿ ಇರಬೇಕಾ ಬೇಡವಾ ಅನ್ನೋದಕ್ಕೆ ಆಫೀಸಿನಲ್ಲಿ ಎರಡು ಪಾರ್ಟಿ ಆಗಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸ್ಟಾರ್ಟ್‌ಅಪ್‌ಗೆ ಟೀಮ್ ಫೋಟೋ ತೆಗೆದುಕೊಟ್ಟೆ. 14 ಜನ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ಮೆಟ್ಟಿಲ ಮೇಲೆ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ನಗು. ಫೋಟೋ ಚೆನ್ನಾಗಿಯೇ ಬಂದಿತ್ತು. ಅವರು ಅದನ್ನು ವೆಬ್‌ಸೈಟಿನ ಮೊದಲ ಪುಟಕ್ಕೆ ಹಾಕಿದರು, ಆರಡಿ ಎತ್ತರದ ಸ್ಟ್ಯಾಂಡಿ (ನೆಲದ ಮೇಲೆ ನಿಲ್ಲಿಸುವ ಬ್ಯಾನರು) ಮಾಡಿಸಿದರು. ಮೂರು ತಿಂಗಳಾಗಿತ್ತು ಅಷ್ಟೇ, ಫೋಟೋದ ನಡುವೆ ನಿಂತಿದ್ದ ಪಾಲುದಾರರೇ ಜಗಳ ಮಾಡಿಕೊಂಡು ಹೊರಟುಹೋದರು. ಅವರ ಹಿಂದೆ ಇನ್ನೂ ಮೂವರು. ‘ಸರ್, ಅವರನ್ನ ಫೋಟೋಶಾಪ್‌ನಲ್ಲಿ ತೆಗೆಯೋಕಾಗುತ್ತಾ?’ ಅಂತ ಫೋನ್ ಬಂತು. ತೆಗೆದೆ. ಎರಡು ದಿನ ಬಿಟ್ಟು ಅವರ ಆಫೀಸಿನಲ್ಲೇ ಯಾರೋ ಕಂಡುಹಿಡಿದರು: ಎಡಗಡೆಯ ಹುಡುಗನ ಹೆಗಲ ಮೇಲೆ ಯಾರದ್ದೂ ಅಲ್ಲದ ನಾಲ್ಕು ಬೆರಳು ಹಾಗೇ ಉಳಿದಿದ್ದವು.

ಅಂದಿನಿಂದ ಸ್ಟಾರ್ಟ್‌ಅಪ್‌ಗಳು ಕೇಳಿದಾಗ ನಾನು ಗ್ರೂಪ್ ಫೋಟೋದಿಂದ ಶುರು ಮಾಡುವುದೇ ಇಲ್ಲ. ಈಗ 22 ಇರುವ ನೀವು ಮುಂದಿನ ಯುಗಾದಿಗೆ 30 ಆಗಬಹುದು, 15ಕ್ಕೂ ಇಳಿಯಬಹುದು. ಹೊಸಬರು ಬಂದಾಗ ಅವರ ಫೋಟೋ ಹಳಬರ ಫೋಟೋ ಪಕ್ಕ ಒಂದೇ ದಿನ ತೆಗೆದ ಹಾಗೆ ಕೂರಬೇಕು. ಅದಕ್ಕಾಗಿ ಮತ್ತೆ ದೊಡ್ಡ ಶೂಟ್ ಇಡುವಂತೆ ಆಗಬಾರದು. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಜಾಗಕ್ಕೆ ಬರುತ್ತದೆ.

ಫೋಟೋಗ್ರಾಫರಿಗೆ ಫೋನ್ ಮಾಡುವ ಮೊದಲು ಒಂದು ಹಾಳೆ ತೊಗೊಂಡು, ಯಾವ ಫೋಟೋ ಎಲ್ಲಿಗೆ ಹೋಗುತ್ತದೆ ಅಂತ ಬರೆಯಿರಿ. ನೀವು ಲೆಕ್ಕದವರು, ಈ ಕೆಲಸ ನಿಮಗೆ ಸುಲಭ. ವೆಬ್‌ಸೈಟಿನ ಟೀಮ್ ಪುಟಕ್ಕೆ ಚೌಕದ ಫೋಟೋ ಬೇಕು. ಲಿಂಕ್ಡ್‌ಇನ್‌ನಲ್ಲಿ 400 ಪಿಕ್ಸೆಲ್ ಚೌಕ ಸಾಕು, ಆದರೆ ಅಲ್ಲಿ ಅದು ದುಂಡಗೆ ಕಾಣುತ್ತದೆ, ನಾಲ್ಕೂ ಮೂಲೆ ಹೋಗುತ್ತವೆ. ಹಾಗಾಗಿ ತಲೆಯ ಸುತ್ತ ಜಾಗ ಬಿಟ್ಟು ತೆಗೆಯಬೇಕು. ಅಲ್ಲೇ ಪ್ರೊಫೈಲಿನ ಮೇಲ್ಗಡೆ ಬರುವ ಪಟ್ಟಿಯ ಅಳತೆ 1584×396, ಅಂದರೆ ಎತ್ತರದ ನಾಲ್ಕು ಪಟ್ಟು ಅಗಲ. ಮೂರು ಸಾಲಿನ ಗ್ರೂಪ್ ಫೋಟೋ ಅಲ್ಲಿ ಹಾಕಿದರೆ ಒಂದು ಸಾಲಿಗೆ ಕಾಲಿಲ್ಲ, ಇನ್ನೊಂದಕ್ಕೆ ತಲೆಯಿಲ್ಲ. ಅದಕ್ಕೆ ಬೇರೆಯೇ ಒಂದು ಉದ್ದನೆ ಫ್ರೇಮು ಬೇಕು. ಹೂಡಿಕೆದಾರರ ಸ್ಲೈಡಿಗೆ ಸಂಸ್ಥಾಪಕರದ್ದು ಸಾಕು. ಪತ್ರಿಕೆಯವರು ಒಂದು ದಿನ ಸಂಜೆ ಐದಕ್ಕೆ ಫೋನ್ ಮಾಡಿ ‘ಒಂದು ಒಳ್ಳೆ ಫೋಟೋ ಕಳಿಸ್ರಿ, ಆರಕ್ಕೆ ಪೇಜು ಹೋಗ್ತದ’ ಅಂತಾರೆ. ಆಗ ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿದ ಫೋಟೋ ಬಿಟ್ಟರೆ ಕೈಯಲ್ಲಿ ಬೇರೇನೂ ಇರುವುದಿಲ್ಲ. ಅದಕ್ಕೂ ದೊಡ್ಡ ಸೈಜಿನದು ಒಂದು ಎತ್ತಿಡಿ.

ಈಗ ಗೋಡೆ. ನಿಮ್ಮ ಆಫೀಸಿನಲ್ಲಿ ಒಂದು ಖಾಲಿ ಗೋಡೆ ಹುಡುಕಿ. ಎಂಟಡಿ ಅಗಲ ಇದ್ದರೆ ಸಾಕು. ಬಿಳಿಯೇ ಆಗಬೇಕಿಲ್ಲ, ಮಾಸಲು ಬೂದಿ ಬಣ್ಣವಾದರೆ ಇನ್ನೂ ಒಳ್ಳೆಯದು, ಎಲ್ಲರ ಮೈಬಣ್ಣಕ್ಕೂ ಹೊಂದುತ್ತದೆ. ಒಂದು ಪಕ್ಕದಲ್ಲಿ ದೊಡ್ಡ ಕಿಟಕಿ ಇರಬೇಕು. ವ್ಯಕ್ತಿ ಗೋಡೆಗೆ ಒರಗಿ ನಿಲ್ಲಬಾರದು, ಐದಾರು ಅಡಿ ಮುಂದೆ ಬರಬೇಕು. ಒರಗಿದರೆ ನೆರಳು ಗೋಡೆಯ ಮೇಲೆ ಬಿದ್ದು ಆಧಾರ್ ಕಾರ್ಡಿನ ಫೋಟೋ ಆಗುತ್ತದೆ. ಕಿಟಕಿಯ ಎದುರು ಬದಿಗೆ ಒಂದು ಬಿಳಿ ಥರ್ಮಾಕೋಲ್ ಶೀಟು ನಿಲ್ಲಿಸಿ. ಗಣೇಶನ ಹಬ್ಬದ ಮಂಟಪಕ್ಕೆ ತರುತ್ತೀರಲ್ಲ, ಅದೇ. ಕಿಟಕಿಯ ಬೆಳಕು ಅದಕ್ಕೆ ಬಡಿದು ವಾಪಸ್ ಬಂದು ಮುಖದ ಕತ್ತಲೆ ಬದಿಯನ್ನು ಮೃದು ಮಾಡುತ್ತದೆ. ಆಮೇಲೆ ಮುಖ್ಯವಾದದ್ದು, ಮೇಲಿನ ಟ್ಯೂಬ್‌ಲೈಟುಗಳನ್ನೆಲ್ಲ ಆರಿಸಿ. ಹೊರಗಿನ ಬೆಳಕಿನ ಬಣ್ಣ ಬೇರೆ, ಎಲ್‌ಇಡಿ ಬಣ್ಣ ಬೇರೆ. ಎರಡೂ ಸೇರಿದರೆ ಅರ್ಧ ಮುಖ ನೀಲಿ, ಅರ್ಧ ಮುಖ ಹಸಿರು.

ಕ್ಯಾಮೆರಾದವರು ಬಂದು ಮೊದಲ ಫೋಟೋ ಚೆನ್ನಾಗಿ ಬಂದ ಕೂಡಲೇ ಎಲ್ಲ ನಿಲ್ಲಿಸಿ, ನೆಲದ ಮೇಲೆ ಬಣ್ಣದ ಟೇಪಿನಿಂದ ಗುರುತು ಹಾಕಿ. ವ್ಯಕ್ತಿಯ ಪಾದ ಎಲ್ಲಿ, ಟ್ರೈಪಾಡ್ ಕಾಲು ಎಲ್ಲಿ, ಥರ್ಮಾಕೋಲ್ ಎಲ್ಲಿ. ಟ್ರೈಪಾಡಿನ ಎತ್ತರ, ಯಾವ ಲೆನ್ಸು, ಎಷ್ಟು ಗಂಟೆ, ಪರದೆ ಅರ್ಧ ಎಳೆದಿತ್ತಾ ಪೂರ್ತಿನಾ, ಎಲ್ಲ ಒಂದು ಹಾಳೆಯಲ್ಲಿ ಬರೆದು, ಇಡೀ ಜಾಗದ ಒಂದು ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಆರು ತಿಂಗಳ ಮೇಲೆ ಇಬ್ಬರು ಹೊಸಬರು ಸೇರಿದರೆ ಅದೇ ಹೊತ್ತಿಗೆ, ಅದೇ ಗುರುತಿನ ಮೇಲೆ ನಿಲ್ಲಿಸಿ. ಕ್ಯಾಮೆರಾ ಇರುವ ಯಾರೇ ಆದರೂ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ನಿಮ್ಮ 60 ಸಾವಿರ ನಿಜವಾಗಿ ಉಳಿಯುವುದು ಇಲ್ಲಿ.

ಕಿಟಕಿ ಬಗ್ಗೆ ಒಂದು ಮಾತು. ಫೋಟೋಗ್ರಫಿ ಪುಸ್ತಕಗಳಲ್ಲೆಲ್ಲ ‘ಉತ್ತರದ ಕಿಟಕಿ ಒಳ್ಳೆಯದು, ನೇರ ಬಿಸಿಲು ಬರಲ್ಲ’ ಅಂತ ಇರುತ್ತದೆ. ಅದು ಯುರೋಪಿನವರ ಲೆಕ್ಕ. ಹುಬ್ಬಳ್ಳಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ದಿಕ್ಕು ಓದಿ ನಿರ್ಧಾರ ಮಾಡಬೇಡಿ. ಶೂಟಿನ ಹಿಂದಿನ ವಾರ ಒಂದು ದಿನ ಹತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಆ ಗೋಡೆ ಹತ್ತಿರ ಯಾರನ್ನಾದರೂ ನಿಲ್ಲಿಸಿ ಮೊಬೈಲಿನಲ್ಲಿ ಒಂದೊಂದು ಫೋಟೋ ತೆಗೆದು ನೋಡಿ. ಅಷ್ಟೇ ಸಾಕು.

ಯಾವಾಗ ಮಾಡಿಸಬೇಕು? ನಾನಾದರೆ ಆಷಾಢ ಅಂತೀನಿ. ನಮ್ಮ ಕಡೆ ಒಳ್ಳೆ ಫೋಟೋಗ್ರಾಫರು ಅಂದರೆ ಬಹುತೇಕ ಮದುವೆ ಫೋಟೋಗ್ರಾಫರೇ. ನಾನೂ ಹಾಗೇ ಬಂದವನು. ವೈಶಾಖ, ಜ್ಯೇಷ್ಠದಲ್ಲಿ ನಮ್ಮನ್ನು ಹಿಡಿಯೋಕಾಗಲ್ಲ. ರಾತ್ರಿ ರಿಸೆಪ್ಷನ್ ಮುಗಿಸಿ ನಿದ್ದೆಗಣ್ಣಲ್ಲಿ ನಿಮ್ಮ ಆಫೀಸಿಗೆ ಬರುತ್ತೇವೆ. ಆಷಾಢದಲ್ಲಿ ಮುಹೂರ್ತ ಇಲ್ಲ. ಕ್ಯಾಮೆರಾ ಒರೆಸಿಕೊಂಡು ಕೂತಿರುತ್ತೇವೆ, ರೇಟಿನಲ್ಲೂ ಸ್ವಲ್ಪ ಇಳಿಯುತ್ತೇವೆ, ಗಡಿಬಿಡಿಯೂ ಇರಲ್ಲ. ಮೋಡ ಮುಚ್ಚಿದ ಆಕಾಶ ಫೋಟೋಕ್ಕೆ ಕೆಟ್ಟದು ಅಂತ ಜನ ತಿಳಿದಿದ್ದಾರೆ. ಮುಖದ ಫೋಟೋಕ್ಕೆ ಅದರಷ್ಟು ಒಳ್ಳೆ ಬೆಳಕು ದುಡ್ಡು ಕೊಟ್ಟರೂ ಸಿಗಲ್ಲ. ಮೂಗಿನ ಕೆಳಗೆ ನೆರಳಿಲ್ಲ, ಕಣ್ಣು ಕಿರಿದು ಮಾಡಬೇಕಿಲ್ಲ.

ಆದರೆ ನಿಮ್ಮ ವಿಷಯದಲ್ಲಿ ಒಂದು ತೊಡಕಿದೆ. ಆಷಾಢದಲ್ಲಿ ಬ್ಯಾಡಗಿ ಮಾರುಕಟ್ಟೆಯ ಅಂಗಳದಲ್ಲಿ ಆ ಕೆಂಪು ಎಲ್ಲಿ ಸಿಗಬೇಕು? ಕಾಯಿ ಕೋಲ್ಡ್ ಸ್ಟೋರೇಜ್ ಸೇರಿರುತ್ತದೆ. ಚೀಲ ಬೆಟ್ಟದ ಹಾಗೆ ಬಿದ್ದಿರುವುದು ಶಿವರಾತ್ರಿ ಆಸುಪಾಸು, ಫೆಬ್ರುವರಿ ಮಾರ್ಚಿನಲ್ಲಿ. ಆದ್ದರಿಂದ ಒಂದೇ ದಿನ ಎಲ್ಲ ಮುಗಿಸುವ ಆಸೆ ಬಿಟ್ಟು ಕೆಲಸ ಎರಡು ಮಾಡಿ. ಮುಖಗಳ ಫೋಟೋ, ಆಫೀಸಿನ ವಿಡಿಯೊ ಆಷಾಢದಲ್ಲಿ. ಮಾರುಕಟ್ಟೆಯದ್ದು ಅರ್ಧ ದಿನ, ಸೀಸನ್ನಿನಲ್ಲಿ. ವೆಬ್‌ಸೈಟಿಗೆ ಅರ್ಜೆಂಟು ಅಂತ ಇಂಟರ್ನೆಟ್ಟಿನಿಂದ ಯಾವುದೋ ಮೆಣಸಿನಕಾಯಿ ಫೋಟೋ ತಂದು ಹಾಕಬೇಡಿ. ಅದು ನಯವಾದ ಗುಂಟೂರು ಕಾಯಿ ಆಗಿರುತ್ತದೆ. ಸುಕ್ಕಿಲ್ಲದ ಕಾಯಿ ನೋಡಿದ ಕೂಡಲೇ ಬ್ಯಾಡಗಿಯ ದಲಾಲರು ನಕ್ಕುಬಿಡುತ್ತಾರೆ. ಬ್ಯಾಡಗಿ ಕಾಯಿಯ ಎರಡು ಬಗೆಗಳಲ್ಲಿ ಕಡ್ಡಿ ಯಾವುದು ಡಬ್ಬಿ ಯಾವುದು ಅಂತ ಗೊತ್ತಿಲ್ಲದವರ ಯಂತ್ರವನ್ನು ಅವರು ಯಾಕೆ ಕೊಳ್ಳಬೇಕು?

ಆ ಅರ್ಧ ದಿನದ ಬಗ್ಗೆ ಹೇಳಿಬಿಡುತ್ತೇನೆ, ಯಾಕಂದ್ರೆ ಇಲ್ಲೇ ಎಲ್ಲರೂ ಎಡವುವುದು. ಡಿಜಿಟಲ್ ಕ್ಯಾಮೆರಾಗೆ ಅಷ್ಟೊಂದು ಗಾಢ ಕೆಂಪು ಒಂದೇ ಕಡೆ ಸಿಕ್ಕರೆ ತಡೆಯೋಕಾಗಲ್ಲ. ರಾಶಿ ಪೂರ್ತಿ ಬಣ್ಣ ಬಳಿದ ಹಾಗೆ ಚಪ್ಪಟೆ ಕಾಣುತ್ತದೆ, ಸುಕ್ಕುಗಳೆಲ್ಲ ಮಾಯ. ಕಣ್ಣಿಗೆ ಕಂಡದ್ದಕ್ಕಿಂತ ಸ್ವಲ್ಪ ಕಪ್ಪಗೆ, ಅರ್ಧದಿಂದ ಒಂದು ಸ್ಟಾಪ್ (ಕ್ಯಾಮೆರಾದವರು ಬೆಳಕು ಅಳೆಯುವ ಲೆಕ್ಕ) ಕಡಿಮೆ ಮಾಡಿ ತೆಗೆಯಿರಿ ಅಂತ ಫೋಟೋಗ್ರಾಫರಿಗೆ ಹೇಳಿ. ಆಮೇಲೆ ಬೆಳಕು ಮಾಡಿಕೊಳ್ಳಬಹುದು. ಬಿಸಿಲು ಓರೆಯಾಗಿ ಬೀಳುವ ಬೆಳಗಿನ ಎಂಟು ಗಂಟೆಗೆ ಹೋದರೆ ಒಂದೊಂದು ಸುಕ್ಕೂ ಎದ್ದು ಕಾಣುತ್ತದೆ. ಅಂಗಳದಲ್ಲಿ ನಿಂತು ಲೆನ್ಸ್ ಬದಲಿಸಬೇಡಿ, ದೂಳು ಸೆನ್ಸರಿಗೆ ಕೂರುತ್ತದೆ. ಇನ್ನು ಘಾಟು! ನಾನು ಒಮ್ಮೆ ಬೆಂಗಳೂರಿನಿಂದ ಬಂದಿದ್ದ ಹುಡುಗನೊಬ್ಬನನ್ನು ವಿಡಿಯೊಕ್ಕೆ ಕರೆದುಕೊಂಡು ಹೋಗಿದ್ದೆ. ಹತ್ತು ನಿಮಿಷದ ರೆಕಾರ್ಡಿಂಗ್‌ನಲ್ಲಿ ಏಳು ನಿಮಿಷ ಅವನು ಸೀನಿದ್ದೇ ಇತ್ತು. ಮಾಸ್ಕ್ ಒಯ್ಯಿರಿ, ಮಾತು ಬೇರೆ ಜಾಗದಲ್ಲಿ ರೆಕಾರ್ಡ್ ಮಾಡಿ. ಮಾರುಕಟ್ಟೆ ಸಮಿತಿಯ ಆಫೀಸಿಗೆ ಮೊದಲೇ ಒಂದು ಪತ್ರ ಕೊಟ್ಟಿರಿ, ಚೀಲ ಹೊರುವ ಹಮಾಲರನ್ನೂ ಕೇಳಿಯೇ ತೆಗೆಯಿರಿ.

ಮತ್ತೆ ಆಫೀಸಿಗೆ ಬರೋಣ. ಆಫೀಸಿನಲ್ಲಿರುವ 18 ಜನಕ್ಕೆ ತಲಾ ಎಂಟು ನಿಮಿಷ ಇಟ್ಟರೂ ಎರಡೂವರೆ ಗಂಟೆ ಬೇಕು. ಹತ್ತಕ್ಕೆ ಶುರು ಮಾಡಿದರೆ ಊಟದ ಹೊತ್ತಿಗೆ ಮುಗಿಯುತ್ತದೆ. ಊಟ ಆದಮೇಲೆ ಇಡಬೇಡಿ, ಕಣ್ಣಲ್ಲಿ ನಿದ್ದೆ ಕಾಣುತ್ತದೆ. ಯಾರ ಸರದಿ ಎಷ್ಟು ಗಂಟೆಗೆ ಅಂತ ಹಿಂದಿನ ದಿನವೇ ಪಟ್ಟಿ ಅಂಟಿಸಿ. ಸುಲಭವಾಗಿ ನಗುವವರನ್ನು ಮೊದಲು ಕಳಿಸಿ. ಅವರು ಹೊರಗೆ ಬಂದು ‘ಏನಿಲ್ಲಪ್ಪ, ಸುಮ್ನೆ ಮಾತಾಡಿಸ್ತಾರೆ’ ಅಂದರೆ ಮುಂದಿನವರ ಭುಜ ಇಳಿಯುತ್ತದೆ. ಕೋಣೆಯಲ್ಲಿ ಫೋಟೋಗ್ರಾಫರ್ ಮತ್ತು ಆ ವ್ಯಕ್ತಿ ಇಬ್ಬರೇ ಇರಲಿ, ಬೇಕಾದರೆ ಒಬ್ಬ ಗೆಳತಿ. ಬಾಗಿಲಲ್ಲಿ ನಿಂತು ‘ಸ್ಮೈಲ್ ಸ್ಮೈಲ್’ ಅನ್ನುವವರನ್ನು ಓಡಿಸುವ ಕೆಲಸ ನಿಮ್ಮದು.

ಬಟ್ಟೆಗೆ ಯೂನಿಫಾರ್ಮ್ ಬೇಡ. ಸಣ್ಣ ಸಣ್ಣ ಗೆರೆಯ ಶರ್ಟು ಬೇಡ, ಕ್ಯಾಮೆರಾದಲ್ಲಿ ಆ ಗೆರೆಗಳು ನೀರಿನ ಅಲೆಯಂತೆ ಹರಿದಾಡುತ್ತವೆ. ಅಚ್ಚ ಬಿಳಿ ಬೇಡ. ಇಳಕಲ್ ಸೀರೆ ಉಟ್ಟು ಬರುತ್ತೇನೆ ಅಂದವರಿಗೆ ಖಂಡಿತ ಬನ್ನಿ ಅನ್ನಿ. ಕನ್ನಡಕದವರು ತೆಗೆಯುವುದು ಬೇಡ, ದಿನಾ ಹಾಕುವವರು ಅದಿಲ್ಲದೆ ಬೇರೆಯವರಂತೆ ಕಾಣುತ್ತಾರೆ. ಗಾಜಿನಲ್ಲಿ ಕಿಟಕಿ ಹೊಳೆದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದು ಚೂರು ಎತ್ತಿದರೆ ಸಾಕು, ಗಾಜು ಕೆಳಕ್ಕೆ ಬಾಗಿ ಹೊಳಪು ಹೋಗುತ್ತದೆ.

ಎಡಿಟಿಂಗ್ ಬಗ್ಗೆ ಮಾತ್ರ ನಾನು ಹಟ ಹಿಡಿಯುತ್ತೇನೆ. ಯಾರನ್ನೂ ಬೆಳ್ಳಗೆ ಮಾಡಿಸಬೇಡಿ. ಮದುವೆ ಆಲ್ಬಂನ ಅಭ್ಯಾಸಕ್ಕೆ ನಮ್ಮವರ ಕೈ ತಾನಾಗಿ ಆ ಕಡೆ ಹೋಗುತ್ತದೆ. ಮೈಬಣ್ಣ ಎರಡು ಸುತ್ತು ತಿಳಿ, ಚರ್ಮ ಮೇಣದ ಹಾಗೆ. ನಿನ್ನೆ ಎದ್ದ ಮೊಡವೆ ತೆಗೆಯಲಿ. ಹುಟ್ಟಿದಾಗಿನಿಂದ ಇರುವ ಮಚ್ಚೆ ಹಾಗೇ ಇರಲಿ. ಇದನ್ನು ಕೆಲಸ ಒಪ್ಪಿಸುವಾಗಲೇ ಬರೆದು ಕೊಡಿ.

ಬೇರೆ ಊರಿನ ನಾಲ್ವರನ್ನು ಒಂದು ಫೋಟೋಕ್ಕಾಗಿ ಹುಬ್ಬಳ್ಳಿಗೆ ಕರೆಸಬೇಕಿಲ್ಲ. ಒಂದು ಪುಟದ ಸೂಚನೆ ಕಳಿಸಿ: ಖಾಲಿ ಗೋಡೆ, ಪಕ್ಕದಲ್ಲಿ ಕಿಟಕಿ, ಲೈಟು ಆರಿಸಿ, ಸೆಲ್ಫಿ ಬೇಡ, ಬೇರೆ ಯಾರಾದರೂ ಮೊಬೈಲಿನ ಹಿಂದಿನ ಕ್ಯಾಮೆರಾದಲ್ಲಿ 2ಎಕ್ಸ್ ಇಟ್ಟು ದೂರದಿಂದ ತೆಗೆಯಲಿ. ಮೊಬೈಲಿನ ಮಾಮೂಲಿ ಲೆನ್ಸು ತುಂಬಾ ಅಗಲದ್ದು. ಹತ್ತಿರ ಹಿಡಿದರೆ ಮೂಗು ದಪ್ಪ, ಕಿವಿ ಸಣ್ಣ. ಮೂಲ ಫೈಲನ್ನೇ ಕಳಿಸಲಿ, ವಾಟ್ಸ್ಆ್ಯಪ್ ಮಾಡುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಲಿ. ನಿಮ್ಮ ಟೀಮ್ ಪುಟಕ್ಕೆ ಒಬ್ಬರೇ ಎಲ್ಲ ಫೋಟೋಗಳನ್ನೂ ಒಂದೇ ಅಳತೆಗೆ ಕತ್ತರಿಸಿ ಬಣ್ಣ ಹೊಂದಿಸಿದರೆ 22ರಲ್ಲಿ ಆ ನಾಲ್ಕು ಯಾವುವು ಅಂತ ಹೇಳುವುದು ಕಷ್ಟ.

ಗ್ರೂಪ್ ಫೋಟೋ ಬೇಡ ಅಂತ ಅಲ್ಲ. ತೆಗೆಯಿರಿ, ಆದರೆ ಅದನ್ನು ಸ್ಟ್ಯಾಂಡಿ ಮಾಡಿಸಬೇಡಿ. ಒಬ್ಬರ ಮೇಲೆ ಒಬ್ಬರು ಕೈ ಹಾಕುವುದೂ ಬೇಡ, ಯಾಕೆ ಅಂತ ಈಗಾಗಲೇ ಹೇಳಿದ್ದೇನೆ. ಮೂರು ಸಾಲು, ಮುಂದಿನವರು ಕುರ್ಚಿಯಲ್ಲಿ, ಕೊನೆಯವರು ಬೆಂಚಿನ ಮೇಲೆ, ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಒಂದಡಿ ಮೇಲಿನಿಂದ. ಹತ್ತು ಹನ್ನೆರಡು ಫ್ರೇಮ್ ತೆಗೆಯಲಿ. ಅಷ್ಟು ಜನದಲ್ಲಿ ಯಾರಾದರೊಬ್ಬರು ಕಣ್ಣು ಮುಚ್ಚೇ ಮುಚ್ಚುತ್ತಾರೆ.

ಪೋಸ್ ಇಲ್ಲದ ಒಳ್ಳೆ ಟೀಮ್ ಫೋಟೋ ಬೇಕಾದರೆ ಆಯುಧಪೂಜೆ ದಿನ ಒಬ್ಬರಿಗೆ ಕ್ಯಾಮೆರಾ ಕೊಡಿ. ಎಲ್ಲರೂ ಒಳ್ಳೆ ಬಟ್ಟೆಯಲ್ಲಿರುತ್ತಾರೆ, ಯಾರಿಗೂ ಕ್ಯಾಮೆರಾ ಕಡೆ ಗಮನ ಇರುವುದಿಲ್ಲ. ನಿಮ್ಮ ಯಂತ್ರಕ್ಕೆ ಚೆಂಡುಹೂವಿನ ಮಾಲೆ, ಲ್ಯಾಪ್‌ಟಾಪ್ ಮುಚ್ಚಳಕ್ಕೆ ವಿಭೂತಿಯ ಮೂರು ಪಟ್ಟೆ, ಕುಂಬಳಕಾಯಿ ಒಡೆಯುವಾಗ ಹಿಂದಕ್ಕೆ ಜಿಗಿಯುವ ಪ್ರೋಗ್ರಾಮರು. ಇಂಥದ್ದನ್ನು ಯಾವ ಫೋಟೋಗ್ರಾಫರೂ ಹೇಳಿ ಮಾಡಿಸೋಕಾಗಲ್ಲ.

ವಿಡಿಯೊಕ್ಕೆ ಬಂದರೆ, ನಿಮ್ಮ ಬಜೆಟ್ಟಿನಲ್ಲಿ ಒಂದೂವರೆ ನಿಮಿಷದ ಒಂದೇ ವಿಡಿಯೊ ಚೆನ್ನಾಗಿ ಮಾಡಿಸಿ. ಅದೂ ಕನ್ನಡದಲ್ಲಿ. ಯಂತ್ರ ಕೊಳ್ಳುವವರು ಬ್ಯಾಡಗಿ, ಹಾವೇರಿ, ಗದಗಿನ ವ್ಯಾಪಾರಿಗಳು. ಅವರಿಗೆ ಇಂಗ್ಲಿಷಿನಲ್ಲಿ ಮಾಡಿ ಕನ್ನಡ ದನಿ ಅಂಟಿಸಿದರೆ ತುಟಿಯೇ ಬೇರೆ, ಮಾತೇ ಬೇರೆ. ಕನ್ನಡದಲ್ಲಿ ಮಾತಾಡಿಸಿ, ಹೂಡಿಕೆದಾರರಿಗೆ ಕೆಳಗೆ ಇಂಗ್ಲಿಷ್ ಸಾಲು ಹಾಕಿ. ಕನ್ನಡದ ಸಾಲೂ ಇರಲಿ, ಬಸ್ಸಿನಲ್ಲಿ ದನಿ ಆರಿಸಿ ನೋಡುವವರೇ ಜಾಸ್ತಿ.

ನಿಮ್ಮ ಸಾಹೇಬರಿಗೆ ಬರೆದದ್ದನ್ನು ಓದಲು ಕೊಡಬೇಡಿ. ಕ್ಯಾಮೆರಾ ಪಕ್ಕ ನೀವು ಕೂತು ಪ್ರಶ್ನೆ ಕೇಳಿ. ‘ನಮ್ಮ ಕಂಪನಿಯ ಧ್ಯೇಯ ಏನು?’ ಅಂತ ಕೇಳಿದರೆ ಬಾಯಿಪಾಠ ಬರುತ್ತದೆ. ‘ಈ ಯಂತ್ರ ಇಲ್ಲದಾಗ ಕಾಯಿ ಹೆಂಗ ನೋಡ್ತಿದ್ರು?’ ಅಂತ ಕೇಳಿ ನೋಡಿ, ಕೈ ತಾನಾಗಿ ಮೇಲೆ ಬಂದು ಕಾಯಿ ಮುರಿಯುವ ಹಾಗೆ ಮಾಡುತ್ತಾರೆ. ಆ ಕೈಯೇ ನಿಮ್ಮ ವಿಡಿಯೊ. ಪ್ರಶ್ನೆಯನ್ನೂ ಸೇರಿಸಿಕೊಂಡು ಉತ್ತರ ಹೇಳಿ ಅಂತ ಮೊದಲೇ ತಿಳಿಸಿರಿ, ಯಾಕಂದ್ರೆ ನಿಮ್ಮ ದನಿ ಆಮೇಲೆ ಕತ್ತರಿಸಿ ಹೋಗುತ್ತದೆ.

ದನಿಗೆ ದುಡ್ಡು ಹಾಕಿ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಮುಂದಿನದಕ್ಕೆ ಹೋಗುತ್ತಾರೆ. ಕಾಲರ್ ಮೈಕ್ ಹಾಕುವಾಗ ಹೆಣ್ಣುಮಕ್ಕಳಿಗೆ ಒಂದು ಸಮಸ್ಯೆ ಇದೆ. ಫ್ರಿಜ್, ಫ್ಯಾನಿನ ಸದ್ದು ಎಲ್ಲರಿಗೂ ಗೊತ್ತು, ಕರಿಮಣಿಯ ಸದ್ದು ಯಾರಿಗೂ ಗೊತ್ತಿರಲ್ಲ. ಉಸಿರಾಡಿದಾಗೆಲ್ಲ ತಾಳಿ ಮೈಕಿಗೆ ತಾಗಿ ಟಿಕ್ ಟಿಕ್ ಅನ್ನುತ್ತದೆ. ನಾನು ಒಮ್ಮೆ ನಲವತ್ತು ನಿಮಿಷದ ಮಾತನ್ನು ಹೆಡ್‌ಫೋನ್ ಹಾಕದೆ ರೆಕಾರ್ಡ್ ಮಾಡಿ, ಮನೆಗೆ ಬಂದು ಕೇಳಿ ತಲೆ ಹಿಡಿದುಕೊಂಡಿದ್ದೇನೆ. ತಾಳಿ ತೆಗೆಯಿರಿ ಅಂತ ಹೇಳೋಕಾಗುತ್ತಾ? ಮೈಕನ್ನು ಸೆರಗಿನ ಪಿನ್ನಿನ ಹತ್ತಿರ, ಭುಜದ ಕಡೆ ಹಾಕಿದರೆ ಮುಗಿಯಿತು. ಬಳೆ ಹಾಕಿದ ಕೈ ಮೇಜಿನ ಮೇಲೆ ಬೇಡ, ತೊಡೆಯ ಮೇಲಿರಲಿ. ಆಷಾಢದಲ್ಲಿ ಅಂತ ಹೇಳಿದ್ದೇನಲ್ಲ, ನಿಮ್ಮ ಮೇಲ್ಛಾವಣಿ ತಗಡಿನದಾದರೆ ಮಳೆ ಬಂದಾಗ ಸುಮ್ನೆ ಚಹಾ ಕುಡಿಯಿರಿ. ಗೋಕುಲ ರಸ್ತೆ ಬೇರೆ, ವಿಮಾನ ಇಳಿಯುವಾಗಲೂ ಒಂದು ನಿಮಿಷ ನಿಲ್ಲಿಸಿ. ಕೊನೆಗೆ ಎಲ್ಲರೂ ಸುಮ್ಮನಿದ್ದು ಖಾಲಿ ಕೋಣೆಯ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಮಾತು ಕತ್ತರಿಸಿದ ಕಡೆ ಅದನ್ನು ತುಂಬಿದರೆ ಜೋಡಣೆ ಗೊತ್ತಾಗುವುದಿಲ್ಲ.

ತಾಂತ್ರಿಕವಾಗಿ ಎರಡೇ ಮಾತು. ಎಲ್‌ಇಡಿ ಬೆಳಕಿನಲ್ಲಿ ವಿಡಿಯೊ ತೆಗೆದಾಗ ಪರದೆಯ ಮೇಲೆ ಕಪ್ಪು ಪಟ್ಟಿಗಳು ತೆವಳುತ್ತವೆ, ನೋಡಿರುತ್ತೀರಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಸೆಕೆಂಡಿಗೆ 25 ಫ್ರೇಮು, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಸಮಯ) 1/50 ಸೆಕೆಂಡು ಇಟ್ಟರೆ ಆ ಪಟ್ಟಿ ಹೋಗುತ್ತದೆ. ಇನ್ನೊಂದು, 4ಕೆಯಲ್ಲಿ ಅಡ್ಡಡ್ಡ ತೆಗೆಯಿರಿ, ವ್ಯಕ್ತಿ ನಡುವೆ ಇರಲಿ. ಅದೇ ಚಿತ್ರದಿಂದ ರೀಲ್ಸ್‌ಗೆ ಉದ್ದುದ್ದ ಕತ್ತರಿಸಿದರೂ 1215×2160 ಪಿಕ್ಸೆಲ್ ಉಳಿಯುತ್ತದೆ, ಧಾರಾಳ ಸಾಕು. ಆದರೆ ಜಾಗ ತಿನ್ನುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ (ಎಂಬಿಪಿಎಸ್) ಲೆಕ್ಕದಲ್ಲಿ ರೆಕಾರ್ಡ್ ಮಾಡಿದರೆ ಒಂದು ಗಂಟೆಗೆ 45 ಜಿಬಿ. ಎರಡು ಹಾರ್ಡ್ ಡಿಸ್ಕಿನಲ್ಲಿಡಿ, ಎರಡನ್ನೂ ಒಂದೇ ಬೀರುವಿನಲ್ಲಿ ಇಡಬೇಡಿ.

60 ಸಾವಿರವನ್ನು ನಾನಾದರೆ ಹೀಗೆ ಹಂಚುತ್ತೇನೆ: 40 ಸಾವಿರ ಆಫೀಸಿನ ಶೂಟು ಮತ್ತು ಎಡಿಟಿಂಗಿಗೆ, 10 ಸಾವಿರ ನಿಮ್ಮಲ್ಲೇ ಉಳಿಯುವ ಸಾಮಾನಿಗೆ (ಕಾಲರ್ ಮೈಕ್, ಟ್ರೈಪಾಡ್, ಡಿಸ್ಕು), ಉಳಿದ 10 ಸಾವಿರ ಮಾರುಕಟ್ಟೆಯ ಅರ್ಧ ದಿನಕ್ಕೆ. ಜಿಎಸ್‌ಟಿ ಇದೆಯಾ ಅಂತ ಮೊದಲೇ ಕೇಳಿ. ನೋಂದಣಿ ಇರುವವರಾದರೆ 18 ಪರ್ಸೆಂಟ್, 40 ಸಾವಿರಕ್ಕೆ 7,200 ಮೇಲೆ ಬೀಳುತ್ತದೆ. ವರ್ಷಕ್ಕೆ 20 ಲಕ್ಷದೊಳಗಿನ ವ್ಯವಹಾರದವರಿಗೆ ನೋಂದಣಿ ಕಡ್ಡಾಯವಿಲ್ಲ. ಉಳಿದದ್ದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಫೋಟೋಗ್ರಾಫರನ್ನು ಆರಿಸುವಾಗ ಇನ್‌ಸ್ಟಾಗ್ರಾಂ ನೋಡಿ ಮರುಳಾಗಬೇಡಿ, ಅಲ್ಲಿ ನೂರರಲ್ಲಿ ಒಂದು ಹಾಕಿರುತ್ತೇವೆ. ‘ಒಂದು ಪೂರ್ತಿ ಕೆಲಸದ ಫೋಟೋ ತೋರಿಸಿ’ ಅನ್ನಿ. ಕಲ್ಯಾಣಮಂಟಪದ ಊಟದ ಹಾಲಿನ ಫೋಟೋ ಹೇಗಿದೆ ನೋಡಿ. ಆ ಬೆಳಕಿನಲ್ಲಿ ಚೆನ್ನಾಗಿ ತೆಗೆದವರು ಎಲ್ಲಿ ಬೇಕಾದರೂ ತೆಗೆಯುತ್ತಾರೆ.

ಫೋಟೋ ಯಾರದ್ದು? 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋ, ವಿಡಿಯೊದ ಹಕ್ಕು ತೆಗೆಸಿದವರದ್ದು, ಬೇರೆ ಕರಾರು ಇಲ್ಲದಿದ್ದರೆ. ಹಾಗಾಗಿ ಫೋಟೋಗ್ರಾಫರು ಕೊಡುವ ಕರಾರಿನಲ್ಲಿ ಬೇರೆ ಸಾಲು ಇದೆಯಾ ಅಂತ ಓದಿ. ತಮಾಷೆ ಏನಂದ್ರೆ, ಗೆಳೆಯರೊಬ್ಬರು ಪ್ರೀತಿಗೆ ಪುಕ್ಕಟೆ ತೆಗೆದುಕೊಟ್ಟರೆ ಹಕ್ಕು ಅವರದ್ದೇ. ಅಂಥದ್ದಿದ್ದರೆ ಹಕ್ಕು ನಿಮಗೆ ಕೊಟ್ಟಿದ್ದೇನೆ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ, ಎಷ್ಟು ವರ್ಷಕ್ಕೆ ಅಂತಲೂ ಬರೆಸಿ. ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ. ವಿಡಿಯೊಕ್ಕೆ ಸಿನಿಮಾ ಹಾಡು ಹಾಕಲೇಬೇಡಿ. ಯೂಟ್ಯೂಬ್‌ನವರ ಉಚಿತ ಸಂಗೀತದ ಸಂಗ್ರಹವೇ ಇದೆ.

ಇನ್ನು ಬೇಡ ಅಂದ ಆ ಇಬ್ಬರು. ಬಲವಂತ ಬೇಡ, ತಮಾಷೆಯೂ ಬೇಡ. ಫೋಟೋ ಅವರ ಖಾಸಗಿ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಕೇಳಬೇಕು ಅನ್ನುತ್ತದೆ, ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವ ಹಕ್ಕನ್ನೂ ಕೊಡುತ್ತದೆ. ಕನ್ನಡದಲ್ಲಿ ಅರ್ಧ ಪುಟದ ಒಪ್ಪಿಗೆ ಪತ್ರ ಮಾಡಿ: ವೆಬ್‌ಸೈಟಿಗೆ ಸರಿಯಾ, ಸೋಷಿಯಲ್ ಮೀಡಿಯಾಗೆ ಸರಿಯಾ, ಜಾಹೀರಾತಿಗೆ ಸರಿಯಾ, ಮೂರಕ್ಕೂ ಬೇರೆ ಬೇರೆ ಗುರುತು. ಕೆಲಸ ಬಿಟ್ಟರೆ ಎಷ್ಟು ದಿನದಲ್ಲಿ ತೆಗೆಯುತ್ತೇವೆ ಅಂತಲೂ ಬರೆಯಿರಿ. ಬಹಳ ಸಲ ಬೇಡ ಅನ್ನುವುದರ ಹಿಂದೆ ಇರುವುದು ಕ್ಯಾಮೆರಾ ಭಯ ಅಲ್ಲ, ಎಲ್ಲೆಲ್ಲಿ ಹಾಕುತ್ತಾರೋ ಅನ್ನುವ ಭಯ. ಪತ್ರ ಓದಿ ಒಬ್ಬರು ವೆಬ್‌ಸೈಟಿಗೆ ಮಾತ್ರ ಒಪ್ಪಬಹುದು. ಆಗಲೂ ಬೇಡ ಅಂದರೆ ಟೀಮ್ ಪುಟದಲ್ಲಿ ಅವರ ಹೆಸರಿನ ಮೇಲೆ ಅವರ ಕೈ ಕೆಲಸ ಮಾಡುತ್ತಿರುವ ಫೋಟೋ ಹಾಕಿ. ಎಐ ಫೋಟೋ ಬೇಡ. ನಿಮ್ಮ ಹುಡುಗ ಬ್ಯಾಡಗಿಗೆ ಹೋದಾಗ ವ್ಯಾಪಾರಿ ವೆಬ್‌ಸೈಟ್ ತೆರೆದು ‘ಇವ ನೀನೇನಪಾ?’ ಅಂತ ಕೇಳಬಾರದಲ್ವಾ.

ಡ್ರೋನ್ ಬಗ್ಗೆ ಸಾಹೇಬರಿಗೆ ಹೀಗೆ ಹೇಳಿ. ವಿಮಾನ ನಿಲ್ದಾಣ ನಿಮ್ಮ ರಸ್ತೆಯಲ್ಲೇ ಇದೆ. 2021ರ ಡ್ರೋನ್ ನಿಯಮದ ಪ್ರಕಾರ ನಿಲ್ದಾಣದ ಸುತ್ತಿನ ಜಾಗದಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ಡ್ರೋನ್‌ಗಳಿಗಾಗಿ ಸರ್ಕಾರ ಮಾಡಿರುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿದರೆ ಗೊತ್ತಾಗುತ್ತದೆ. ಅನುಮತಿ ಸಿಕ್ಕಿದರೂ ಮೇಲಿನಿಂದ ಕಾಣುವುದು ನೀರಿನ ಟ್ಯಾಂಕು, ಸೋಲಾರ್ ಹೀಟರು, ಒಣ ಹಾಕಿದ ಬಟ್ಟೆ.

ಕೊನೆಯ ಪ್ರಶ್ನೆ, ಚಹಾ ಮಾಡುವ ಅಕ್ಕ. ಬೇರೆ ಪಾರ್ಟಿಯವರಿಗೆ ಬೇಜಾರಾದರೂ ಸರಿ, ಇರಲಿ. ಅವರನ್ನೂ ಅದೇ ಗೋಡೆಯ ಮುಂದೆ, ಅದೇ ಟೇಪಿನ ಮೇಲೆ ನಿಲ್ಲಿಸಿ, ಅದೇ ಎಂಟು ನಿಮಿಷ ಕೊಡಿ, ಅದೇ ಒಪ್ಪಿಗೆ ಪತ್ರ ಓದಿ ಹೇಳಿ. ಒಂದು ಮಾತ್ರ ಮರೆಯಬೇಡಿ. ಸಾಮಾನ್ಯವಾಗಿ ಉಳಿದವರಿಗೆಲ್ಲ ಒಂದು ವಾರ ಮೊದಲೇ ಹೇಳಿರುತ್ತಾರೆ, ಅವರನ್ನು ಮಾತ್ರ ಆ ಹೊತ್ತಿಗೆ ಕೈಯಲ್ಲಿ ಕಸಬರಿಗೆ ಇರುವಾಗ ‘ಅಕ್ಕಾ ಬಾ, ಫೋಟೋ’ ಅಂತ ಕರೆಯುತ್ತಾರೆ. ಪಟ್ಟಿಯಲ್ಲಿ ಅವರ ಹೆಸರೂ ಹೊತ್ತೂ ಇರಲಿ. ಯಾವ ಸೀರೆ ಉಡಬೇಕು ಅಂತ ಯೋಚಿಸೋಕೆ ಅವರಿಗೂ ಟೈಮ್ ಬೇಕು.